ಉರಿಯೂತದಿಂದ ಮುಟ್ಟು ಏರುಪೇರಾಗುತ್ತದಾ? ಊಟ ಬದಲಿಸಿದರೆ ಸರಿಯಾಗುತ್ತದಾ?

ನಿಮಗೆ 27 ವರ್ಷ, ಮುಟ್ಟು ಎರಡು ತಿಂಗಳಿಗೊಮ್ಮೆ, ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಅಂತ ಹೇಳಿದ್ದಾರೆ. ಪರಿಚಯದವರೊಬ್ಬರು "ಮೈಯಲ್ಲಿ ಉರಿಯೂತ ಜಾಸ್ತಿ, ಅದಕ್ಕೇ ಹಾರ್ಮೋನು ಕೆಟ್ಟಿದೆ" ಅಂತ ಅರಿಶಿನದ ಪುಡಿಯ ಡಬ್ಬ ಕೊಳ್ಳಲು ಒತ್ತಾಯಿಸುತ್ತಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಡಬ್ಬ ಬೇಡ. ಆದರೆ ಅವರ ಮಾತಿನ ಮೊದಲರ್ಧ ಪೂರ್ತಿ ಸುಳ್ಳೂ ಅಲ್ಲ. ನಾನು ಡಾಕ್ಟರಲ್ಲ, ಉಡುಪಿಯವಳು, ಇದೇ ತೊಂದರೆಯಲ್ಲಿ ಆರು ವರ್ಷ ಒದ್ದಾಡಿದವಳು.

ನನ್ನ ಡಾಕ್ಟರು "ಉರಿಯೂತ" ಅಂದದ್ದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಅಮ್ಮ "ಉಷ್ಣ ಆದದ್ದು, ಮೆಂತೆ ಗಂಜಿ ಮಾಡ್ತೇನೆ" ಅಂದರು. ದೊಡ್ಡಮ್ಮ "ಬಂಗುಡೆ ಬಿಡು ಮಾರಾಯ್ತಿ, ಅದು ನಂಜು" ಅಂದರು. ವಿಷಯ ಅದಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಕೆಂಪಾಗಿ ಊದಿ ಬಿಸಿಯಾಗುತ್ತದಲ್ಲ, ಅದೂ ಉರಿಯೂತವೇ, ನಾಲ್ಕು ದಿನದಲ್ಲಿ ಆರುತ್ತದೆ. ನಮ್ಮದು ಆರದ ನಮೂನೆಯದ್ದು, ಬಚ್ಚಲೊಲೆಯ ಬೂದಿಯೊಳಗಿನ ಕೆಂಡದ ಹಾಗೆ. ಜ್ವರ ಇಲ್ಲ, ನೋವಿಲ್ಲ, ಉಂಟು ಅಂತ ಗೊತ್ತೇ ಆಗುವುದಿಲ್ಲ.

ಅದರ ಒಂದು ದೊಡ್ಡ ಮೂಲ ಹೊಟ್ಟೆಯೊಳಗಿನ ಕೊಬ್ಬು. ಕೊಬ್ಬಿನ ಜೀವಕೋಶಗಳು ಮಿತಿಮೀರಿ ಉಬ್ಬಿದಾಗ ಅಲ್ಲಿಗೆ ರೋಗನಿರೋಧಕ ಜೀವಕೋಶಗಳು ಬಂದು ಸೇರುತ್ತವೆ, ಟಿಎನ್ಎಫ್-ಆಲ್ಫಾ, ಐಎಲ್-6 ಎಂಬ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಇವು, ರಕ್ತದ ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳಿ ಅಂತ ಹೇಳುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಗಾಲು. ಸ್ನಾಯು, ಯಕೃತ್ತು ಇನ್ಸುಲಿನ್ ಕರೆದರೂ ಓಗೊಡುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ, ಅಂದರೆ ಇನ್ಸುಲಿನ್ ಇನ್ನಷ್ಟು ಸುರಿಯುತ್ತದೆ. ತಮಾಷೆ ಇರುವುದು ಇಲ್ಲೇ: ಸ್ನಾಯುವಿಗೆ ಕಿವಿ ಮಂದವಾದರೂ ಅಂಡಾಶಯಕ್ಕೆ ಆಗಿರುವುದಿಲ್ಲ. ಅದು ಆ ಕೂಗನ್ನು ಕೇಳಿಸಿಕೊಂಡು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಹೆಚ್ಚು ಮಾಡುತ್ತದೆ. ಆ ಟೆಸ್ಟೋಸ್ಟೆರಾನನ್ನು ಹಿಡಿದಿಡುವ ಎಸ್ಎಚ್‌ಬಿಜಿ ಎಂಬ ಪ್ರೋಟೀನನ್ನು ಯಕೃತ್ತು ಕಡಿಮೆ ಮಾಡುತ್ತದೆ, ಹಾಗಾಗಿ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟೆರಾನ್ ಇನ್ನೂ ಹೆಚ್ಚುತ್ತದೆ. ಅಂಡ ಹೊರಬರುವುದಿಲ್ಲ, ಮುಟ್ಟು ಮುಂದೆ ಹೋಗುತ್ತದೆ, ಗಲ್ಲದಲ್ಲಿ ಕೂದಲು. ಇದೆಲ್ಲ ಊಟದಿಂದಲೇ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ವಂಶದ ಪಾಲು ದೊಡ್ಡದು, ತೆಳ್ಳಗಿರುವವರಿಗೂ ಬರುತ್ತದೆ.

ಡಾಕ್ಟರು ನನ್ನ ಹೊಟ್ಟೆಯ ಸುತ್ತಳತೆ ನೋಡಿದ್ದು ಟೈಲರ್ ಟೇಪಿನಲ್ಲಿ. 91 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಬಾರದು ಅಂತ ಲೆಕ್ಕ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) ನೂರಕ್ಕೆ 5.9 ಇತ್ತು, 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು.

"ಸಂಜೆ ನಾಲ್ಕಕ್ಕೆ ಎಂತ ತಿಂತೀರಿ?" ಅಂತ ಕೇಳಿದರು. ಮಣಿಪಾಲದಲ್ಲಿ ಆಫೀಸು, ಕೆಳಗೆ ಕ್ಯಾಂಟೀನು. ದಿನಾ ಎರಡು ಬನ್ಸ್, ಸಕ್ಕರೆ ಹಾಕಿದ ಚಾ, ಮಳೆ ಬಂದರೆ ಗೋಳಿಬಜೆಯೂ. ಮೈದಾ, ಬಾಳೆಹಣ್ಣು, ಸಕ್ಕರೆ, ಮೇಲಿಂದ ಎಣ್ಣೆ. ಅದರ ಬದಲು ಬೇಯಿಸಿದ ಕಡಲೆ ಡಬ್ಬಿಗೆ ಹಾಕಿಕೊಂಡು ಹೋಗತೊಡಗಿದೆ. ಮೊದಲ ತಿಂಗಳು ಬನ್ಸಿನ ಪರಿಮಳಕ್ಕೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅನ್ನ ಬಿಡಲಿಲ್ಲ. ಕುಚ್ಚಲಕ್ಕಿ ಬೆಳ್ತಿಗೆಗಿಂತ (ಬಿಳಿ ಅಕ್ಕಿಗಿಂತ) ಕೊಂಚ ವಾಸಿ ನಿಜ, ಆದರೆ ಅಮ್ಮ ಬಡಿಸುವ ಗುಡ್ಡದ ಅಳತೆಗೆ ಯಾವ ಅಕ್ಕಿಯೂ ಒಂದೇ. ಮೂರು ಸೌಟು ಇದ್ದದ್ದು ಒಂದೂವರೆ ಆಯಿತು, ಉಳಿದ ಜಾಗಕ್ಕೆ ಅಲಸಂಡೆ ಪಲ್ಯ, ಹರಿವೆ, ಬಸಳೆ, ಹುರುಳಿ ಸಾರು.

ಇನ್ನು ದೊಡ್ಡಮ್ಮನ ನಂಜು. ಬಂಗುಡೆ, ಬೂತಾಯಿ ಮೀನಿನ ಕೊಬ್ಬಿನಲ್ಲಿ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಇದೆ, ಉರಿಯೂತ ತಣಿಸುವ ಕೆಲವು ವಸ್ತುಗಳನ್ನು ದೇಹ ತಯಾರಿಸುವುದು ಅವುಗಳಿಂದ. ಹಾಗಾಗಿ ಬಂಗುಡೆ ಬಿಡುವ ಬದಲು ವಾರಕ್ಕೆ ಎರಡು ಸಲ ಮಾಡಿಸಿದೆ. ರವೆ ಮೆತ್ತಿ ಎಣ್ಣೆಯಲ್ಲಿ ಮುಳುಗಿಸುವುದಲ್ಲ, ಪುಳಿಮುಂಚಿ, ಅಂದರೆ ಹುಳಿ ಖಾರದ ಸಾರು. ಜೂನ್, ಜುಲೈ ಮಲ್ಪೆಯ ಬೋಟುಗಳು ದಡದಲ್ಲಿರುವಾಗ ಒಣಮೀನಿಗೆ ಕೈ ಹಾಕಬೇಡಿ, ಬರೀ ಉಪ್ಪು. ಮೀನು ತಿನ್ನದ ಮನೆಯವರಾದರೆ ಅಗಸೆಬೀಜ ಉಂಟು, ಅದರ ಒಮೆಗಾ-3 ದೇಹಕ್ಕೆ ಅಷ್ಟು ನೇರವಾಗಿ ಒದಗುವುದಿಲ್ಲ ಅಷ್ಟೇ.

ಅರಿಶಿನದಲ್ಲಿ ಉರಿಯೂತ ತಗ್ಗಿಸುತ್ತದೆ ಅನ್ನುವ ಕರ್ಕ್ಯುಮಿನ್ ಇರುವುದೇ ಸುಮಾರು ನೂರಕ್ಕೆ ಮೂರು ಪಾಲು, ಕರುಳು ಹೀರುವುದು ಅದರಲ್ಲೂ ಚೂರು. ಸಾರಿಗೆ ಹಾಕಿ, ಸಾಕು. ಹೆಚ್ಚು ಪ್ರಮಾಣದ ಕರ್ಕ್ಯುಮಿನ್ ಮಾತ್ರೆ ತಿಂದು ಯಕೃತ್ತಿಗೆ ಪೆಟ್ಟಾದವರೂ ಇದ್ದಾರೆ.

ವರ್ಷದಲ್ಲಿ ನಾನು 74 ಕಿಲೋದಿಂದ 68ಕ್ಕೆ ಬಂದೆ, ಎಚ್‌ಬಿಎ1ಸಿ 5.5 ಆಯಿತು. ಏಳನೇ ತಿಂಗಳಿಂದ ಮುಟ್ಟು 35-38 ದಿನಕ್ಕೊಮ್ಮೆ. ತೂಕ ಜಾಸ್ತಿ ಇರುವವರಿಗೆ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೂ ಫರಕು ಕಾಣುತ್ತದೆ. ಊಟ ಒಂದೇ ಅಲ್ಲ, ಅಜ್ಜರಕಾಡಿನಲ್ಲಿ ದಿನಾ ನಡೆದದ್ದೂ, ಹನ್ನೊಂದಕ್ಕೆ ಮೊಬೈಲ್ ಇಟ್ಟು ಮಲಗಿದ್ದೂ ಸೇರಿದೆ. ಮೆಟ್‌ಫಾರ್ಮಿನ್ (ಇನ್ಸುಲಿನ್ನಿಗೆ ದೇಹ ಓಗೊಡುವಂತೆ ಮಾಡುವ ಔಷಧ) ಮಾತ್ರೆಯನ್ನೂ ತಗೊಂಡಿದ್ದೇನೆ, ಅದನ್ನು ಮುಚ್ಚಿಟ್ಟು ಎಲ್ಲ ಬಂಗುಡೆಯ ಮಹಿಮೆ ಅಂದರೆ ಮೋಸವಾದೀತು.

ಡಬ್ಬದ ದುಡ್ಡಿಗೆ ಟಿಎಸ್ಎಚ್ (ಥೈರಾಯ್ಡಿನದ್ದು), ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನಿನದ್ದು), ಎಚ್‌ಬಿಎ1ಸಿ ಮಾಡಿಸಿ. ಥೈರಾಯ್ಡ್ ತೊಂದರೆಯಿದ್ದರೂ ಮುಟ್ಟು ಹೀಗೇ ತಪ್ಪುತ್ತದೆ. ಉರಿಯೂತದ ಸಿಆರ್‌ಪಿ ಪರೀಕ್ಷೆಗೆ ಬರೆದುಕೊಟ್ಟರೆ ಶೀತ ಜ್ವರ ಇರುವಾಗ ಹೋಗಬೇಡಿ, ಸುಮ್ಮನೆ ಏರಿ ಹೆದರಿಸುತ್ತದೆ. ಮೂರು ತಿಂಗಳು ದಾಟಿದರೂ ಮುಟ್ಟು ಬರದಿದ್ದರೆ ಊಟ ಸರಿಮಾಡಿ ಕಾಯುತ್ತೇನೆ ಅಂತ ಕೂರಬೇಡಿ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಹಿಂದಿನ ಮುಟ್ಟಿನ ತಾರೀಕುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರು ಮೊದಲು ಕೇಳುವುದು ಅದನ್ನೇ.