ನಾಳೆಗೆ ಎಷ್ಟು ಹಿಟ್ಟು ರುಬ್ಬಬೇಕು? ವ್ಯಾಪಾರದ ತೀರ್ಮಾನಗಳಿಗೆ ಲೆಕ್ಕದ ದಾರಿ

ಪ್ರಶ್ನೆ: ಮುಂಬೈಯ ಮಾಟುಂಗದಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ. ಪುಸ್ತಕದ ಪ್ರಕಾರ ದಿನಕ್ಕೆ ಸರಾಸರಿ 400 ಪ್ಲೇಟ್ ಇಡ್ಲಿ ಹೋಗುತ್ತದೆ. ಹಾಗಾಗಿ 410 ಪ್ಲೇಟಿಗೆ ಹಿಟ್ಟು ರುಬ್ಬಿಸುತ್ತೇವೆ. ಕೆಲವು ದಿನ ಹತ್ತು ಗಂಟೆಗೇ ಇಡ್ಲಿ ಖಾಲಿ, ಕೆಲವು ದಿನ ಹಿಟ್ಟು ಉಳಿದು ಹುಳಿಯಾಗುತ್ತದೆ. ಸರಿಯಾದ ಪ್ರಮಾಣ ಕಂಡುಕೊಳ್ಳಲು ಲೆಕ್ಕವಿದೆಯೇ?

ಇದೆ. ಆದರೆ ಅದಕ್ಕೂ ಮೊದಲು ನಿಮ್ಮ ಪುಸ್ತಕದ 400 ಎಂಬ ಸಂಖ್ಯೆಯನ್ನೇ ತಿದ್ದಬೇಕು. ನೀವು ಮಾಡಿದ್ದೇ 410 ಪ್ಲೇಟ್. ಆ ದಿನ 500 ಜನ ಇಡ್ಲಿ ಕೇಳಿದ್ದರೂ ಪುಸ್ತಕದಲ್ಲಿ ಕಾಣುವುದು 410 ಮಾತ್ರ. ಮಾರಾಟ ಬೇರೆ, ಬೇಡಿಕೆ ಬೇರೆ. ಇಡ್ಲಿ ಇಲ್ಲ ಎಂದಾಗ ಎದ್ದು ಹೋದವರ ಲೆಕ್ಕ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಕಡಿಮೆ ಮಾಡುವುದು, ಕಡಿಮೆ ಮಾರಾಟವಾಯಿತೆಂದು ಬರೆಯುವುದು, ಅದನ್ನೇ ನೋಡಿ ಮತ್ತೆ ಕಡಿಮೆ ಮಾಡುವುದು: ಈ ಸುತ್ತಿನಲ್ಲಿ ಎಷ್ಟೋ ಹೋಟೆಲುಗಳು ಸಿಕ್ಕಿಕೊಂಡಿವೆ.

ತಿದ್ದುವ ಬಗೆ ಸುಲಭ. ಇಡ್ಲಿ ಮುಗಿದ ಸಮಯವನ್ನು ಕ್ಯಾಷಿಯರ್ ಗಲ್ಲಾದ ಬಳಿಯೇ ಒಂದು ಚೀಟಿಯಲ್ಲಿ ಬರೆದಿಡಲಿ. ಇಡ್ಲಿ ಮುಗಿಯದೆ ಉಳಿದ ದಿನಗಳ ಬಿಲ್ಲು ತೆಗೆದು, ಹತ್ತು ಗಂಟೆಯೊಳಗೆ ದಿನದ ಮಾರಾಟದ ಎಷ್ಟು ಪಾಲು ಆಗಿರುತ್ತದೆ ನೋಡಿ. ಅದು 82 ಶೇಕಡಾ ಎಂದಿಟ್ಟುಕೊಳ್ಳಿ. ಹಾಗಾದರೆ ಹತ್ತಕ್ಕೆ 410 ಪ್ಲೇಟ್ ಖಾಲಿಯಾದ ದಿನದ ನಿಜವಾದ ಬೇಡಿಕೆ 410 ÷ 0.82, ಅಂದರೆ 500 ಪ್ಲೇಟ್. ಖಾಲಿಯಾದ ಪ್ರತಿ ದಿನಕ್ಕೂ ಹೀಗೆ ತಿದ್ದಿ. ಉದಾಹರಣೆಗೆ, ತಿದ್ದಿದ ಮೇಲೆ ಸರಾಸರಿ 430 ಬಂತು, ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 45 ಬಂತು ಎನ್ನೋಣ.

ಹಾಗಂತ 430ಕ್ಕೆ ರುಬ್ಬಬೇಕೆ? ಬೇಡ. ಸರಾಸರಿಗೆ ರುಬ್ಬಿದರೆ ಎರಡು ದಿನಕ್ಕೊಮ್ಮೆ ಕಡಿಮೆ ಬೀಳುತ್ತದೆ. ಎಷ್ಟು ಮಾಡಬೇಕೆಂದು ಹೇಳುವುದು ಸರಾಸರಿಯಲ್ಲ, ತಪ್ಪಿದರೆ ಆಗುವ ನಷ್ಟ. ಒಂದು ಪ್ಲೇಟ್ ಕಡಿಮೆ ಬಿದ್ದರೆ ಏನು ಹೋಗುತ್ತದೆ, ಒಂದು ಪ್ಲೇಟ್ ಹೆಚ್ಚಾದರೆ ಏನು ಹೋಗುತ್ತದೆ, ಇವೆರಡನ್ನೂ ರೂಪಾಯಿಯಲ್ಲಿ ಬರೆಯಿರಿ.

ಪ್ಲೇಟಿಗೆ 50 ರೂಪಾಯಿ. ಹಿಟ್ಟು, ಚಟ್ನಿ, ಸಾಂಬಾರು, ಗ್ಯಾಸ್ ಸೇರಿ ಖರ್ಚು 18. ಲಾಭ 32. ಆದರೆ ಇಡ್ಲಿ ಸಿಗದವರಲ್ಲಿ ಅರ್ಧ ಜನ ಎದ್ದು ಹೋಗದೆ ಉಪ್ಪಿಟ್ಟೋ ದೋಸೆಯೋ ತಿನ್ನುತ್ತಾರೆ, ಅದರಲ್ಲಿ 20 ರೂಪಾಯಿ ಸಿಗುತ್ತದೆ ಎಂದರೆ, ಕಡಿಮೆ ಬಿದ್ದ ಪ್ಲೇಟಿನ ನಿಜ ನಷ್ಟ 32ರಲ್ಲಿ 10 ಕಳೆದು 22. ಇನ್ನು ಹೆಚ್ಚಾದ ಪ್ಲೇಟು: ಅದರ ಹಿಟ್ಟಿಗೆ 10 ರೂಪಾಯಿ, ಮರುದಿನ ಉತ್ತಪ್ಪಕ್ಕೆ ಹೋದರೆ 4 ರೂಪಾಯಿ ವಾಪಸು, ನಷ್ಟ 6. ಬಾಡಿಗೆ, ಭಟ್ಟರ ಸಂಬಳ ಇದರಲ್ಲಿ ಸೇರಿಸಬೇಡಿ. ಒಂದು ಪ್ಲೇಟ್ ಹೆಚ್ಚು ಮಾಡಿದರೂ ಕಡಿಮೆ ಮಾಡಿದರೂ ಅವು ಬದಲಾಗುವುದಿಲ್ಲ.

ಈಗ 22 ÷ (22 + 6) = 0.786. ನೂರು ದಿನದಲ್ಲಿ ಸುಮಾರು 79 ದಿನ ಸಾಲುವಷ್ಟು ಮಾಡಿ ಎಂದು ಇದರ ಅರ್ಥ. ಕಳೆದ 60 ಮಾಮೂಲಿ ದಿನಗಳ ತಿದ್ದಿದ ಬೇಡಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ಕೆಳಗಿನಿಂದ 48ನೆಯ ಸಂಖ್ಯೆಯೇ ನಿಮ್ಮ ಉತ್ತರ. ಎಕ್ಸೆಲ್‌ನಲ್ಲಾದರೆ ಪರ್ಸೆಂಟೈಲ್ ಫಂಕ್ಷನ್‌ಗೆ 0.786 ಕೊಡಿ. ಮೇಲಿನ ಸರಾಸರಿ, ಏರಿಳಿತಗಳ ಪ್ರಕಾರ ಅದು 466ರ ಆಸುಪಾಸು ಬರುತ್ತದೆ. ಏಕೆ ಅಲ್ಲೇ ನಿಲ್ಲಬೇಕು? 466ನೆಯ ಪ್ಲೇಟು ಹೋಗುವ ಸಾಧ್ಯತೆ ನೂರಕ್ಕೆ 21. 22 ರೂಪಾಯಿಯ 21 ಶೇಕಡಾ ಅಂದರೆ ಸುಮಾರು 4 ರೂಪಾಯಿ 70 ಪೈಸೆ ಬರುವ ನಿರೀಕ್ಷೆ. ಉಳಿಯುವ ಸಾಧ್ಯತೆ 79. 6 ರೂಪಾಯಿಯ 79 ಶೇಕಡಾ, ಅದೂ ಅಷ್ಟೇ. ಅಲ್ಲಿಂದಾಚೆ ರುಬ್ಬಿದ ಪ್ರತಿ ಪ್ಲೇಟಿನಲ್ಲೂ ಬರುವುದಕ್ಕಿಂತ ನಷ್ಟವೇ ಹೆಚ್ಚು.

ಇದಕ್ಕೆ ಪತ್ರಿಕೆ ಮಾರುವವನ ಸಮಸ್ಯೆ ಎಂದು ಹೆಸರು. ನಿನ್ನೆಯ ಪೇಪರ್ ಇವತ್ತು ಯಾರೂ ಕೊಳ್ಳುವುದಿಲ್ಲವಲ್ಲ. ಬ್ಯಾಂಕು ಎಷ್ಟು ನಗದು ಇಟ್ಟುಕೊಳ್ಳಬೇಕು ಎಂದು 1888ರಲ್ಲಿ ಅರ್ಥಶಾಸ್ತ್ರಜ್ಞ ಎಜ್‌ವರ್ತ್ ಲೆಕ್ಕ ಹಾಕಿದ್ದೂ ಇದೇ ಜಾಡಿನಲ್ಲಿ.

ವಡೆಗೆ ಇದೇ 0.786 ಹಾಕಬೇಡಿ. ಕರಿದ ವಡೆ ಉಳಿದರೆ ಉತ್ತಪ್ಪ ಆಗುವುದಿಲ್ಲ. ವಡೆ ಕಡಿಮೆ ಬಿದ್ದರೆ 20, ಉಳಿದರೆ 15 ರೂಪಾಯಿ ನಷ್ಟ ಎಂದಾದರೆ ಅನುಪಾತ 0.57, ಸರಾಸರಿಗಿಂತ ಒಂದಿಷ್ಟೇ ಹೆಚ್ಚು ಮಾಡಿದರೆ ಸಾಕು. ಇನ್ನೊಂದು ಮಾತು: ಭಾನುವಾರ, ಸಂಕಷ್ಟಿ, ಏಕಾದಶಿಗಳನ್ನು ಆ 60 ದಿನಗಳಲ್ಲಿ ಬೆರೆಸಬೇಡಿ. ಸಂಕಷ್ಟಿಯ ದಿನ ಸಾಬೂದಾನಿ ಖಿಚಡಿ ಕೇಳುವವರೇ ಹೆಚ್ಚು. ಭಾನುವಾರಗಳಲ್ಲೂ ಲೋಕಲ್ ರೈಲಿನ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ರೈಲು ನಿಲ್ಲಿಸುವುದು) ಇದ್ದದ್ದು, ಇಲ್ಲದ್ದು ಎಂದು ಗುರುತು ಹಾಕಿಡಿ. ಹಿಟ್ಟು ರುಬ್ಬುವುದು ಹಿಂದಿನ ಸಂಜೆಯಾದ್ದರಿಂದ ಪಂಚಾಂಗವನ್ನೂ ಬ್ಲಾಕಿನ ಪ್ರಕಟಣೆಯನ್ನೂ ನೋಡಿಯೇ ಅಳತೆ ಹೇಳಬಹುದು.

ಪ್ರಶ್ನೆ: ವಾಶಿಯಲ್ಲಿ ಗೋಡಂಬಿ ವ್ಯಾಪಾರ. ಕಾರ್ಕಳ ಕಡೆಯಿಂದ ಮಾಲು ತರಿಸುತ್ತೇನೆ, ವರ್ಷಕ್ಕೆ ಸುಮಾರು 6,000 ಕಿಲೋ. ಒಂದು ಸಲಕ್ಕೆ 1,500 ಕಿಲೋ ಎತ್ತಿದರೆ 2 ಶೇಕಡಾ ರಿಯಾಯಿತಿ ಕೊಡುತ್ತೇನೆಂದು ಫ್ಯಾಕ್ಟರಿಯವರು ಹೇಳುತ್ತಾರೆ. ಒಪ್ಪಲೇ?

ಮೊದಲು ರಿಯಾಯಿತಿ ಮರೆತು ಲೆಕ್ಕ ಹಾಕಿ. ಪ್ರತಿ ಆರ್ಡರಿಗೆ ಲಾರಿ ಬಾಡಿಗೆ, ಹಮಾಲಿ ಎಲ್ಲ ಸೇರಿ 3,000 ರೂಪಾಯಿ. ಕಿಲೋ 800 ರೂಪಾಯಿ. ಮಾಲು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು ಬೆಲೆಯ 18 ಶೇಕಡಾ, ಅಂದರೆ ಕಿಲೋಗೆ 144. ಹೆಚ್ಚಿನವರು ಎಡವುವುದು ಇಲ್ಲೇ: ಬ್ಯಾಂಕಿನ ಬಡ್ಡಿಯೊಂದನ್ನೇ ಬರೆಯುತ್ತಾರೆ. ಗೋದಾಮಿನ ಬಾಡಿಗೆ, ವಿಮೆ, ತುಂಡಾಗುವುದು, ಮೆತ್ತಗಾಗುವುದು, ಹುಳು, ಇವೆಲ್ಲ ಸೇರಬೇಕು.

ವರ್ಷದ ಬೇಡಿಕೆಯನ್ನು ಆರ್ಡರ್ ಖರ್ಚಿನಿಂದ ಗುಣಿಸಿ, ಎರಡು ಪಟ್ಟು ಮಾಡಿ, ಕಿಲೋವಾರು ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 2 × 6,000 × 3,000 ÷ 144 ಅಂದರೆ 2,50,000. ಅದರ ವರ್ಗಮೂಲ 500. ತಿಂಗಳಿಗೊಮ್ಮೆ 500 ಕಿಲೋ. ಈ ಸೂತ್ರವನ್ನು 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟದ್ದು, ಇಂದಿಗೂ ಹಳೆಯದಾಗಿಲ್ಲ. ಅಂಕಿಗಳು ಕೊಂಚ ಹೆಚ್ಚುಕಡಿಮೆಯಾದರೂ ಅದು ಕೈಬಿಡುವುದಿಲ್ಲ. 500ರ ಬದಲು 400 ಅಥವಾ 600 ತರಿಸಿದರೂ ಈ ಖರ್ಚು ಏರುವುದು ಎರಡು, ಎರಡೂವರೆ ಶೇಕಡಾ ಮಾತ್ರ. ಆದ್ದರಿಂದ ಟಿನ್ನುಗಳ ಲೆಕ್ಕಕ್ಕೋ ಲಾರಿಯ ಅಳತೆಗೋ ಹೊಂದಿಸಿಕೊಳ್ಳಲು ಹಿಂಜರಿಯಬೇಡಿ.

ಈಗ ರಿಯಾಯಿತಿ. 500ರಂತೆ ತರಿಸಿದರೆ 12 ಆರ್ಡರಿಗೆ 36,000, ಸರಾಸರಿ 250 ಕಿಲೋ (ಆರ್ಡರಿನ ಅರ್ಧ) ದಾಸ್ತಾನಿಗೆ 36,000, ಒಟ್ಟು 72,000. 1,500ರಂತೆ ತರಿಸಿದರೆ ದರ 784. 4 ಆರ್ಡರಿಗೆ 12,000, ಸರಾಸರಿ 750 ಕಿಲೋ ದಾಸ್ತಾನಿಗೆ 1,05,840, ಒಟ್ಟು 1,17,840. ಖರ್ಚು 45,840 ಹೆಚ್ಚಾಯಿತು, ಆದರೆ ಖರೀದಿಯಲ್ಲಿ ಕಿಲೋಗೆ 16ರಂತೆ 96,000 ಉಳಿಯಿತು. ವರ್ಷಕ್ಕೆ 50,160 ರೂಪಾಯಿ ಲಾಭ. ಕಾಗದದ ಮೇಲೆ ಒಪ್ಪಬಹುದು.

ಆದರೂ ಇಡೀ ವರ್ಷಕ್ಕೆ ಒಪ್ಪಬೇಡಿ ಎಂಬುದು ನಮ್ಮ ಸಲಹೆ. 1,500 ಕಿಲೋ ಅಂದರೆ ಮೂರು ತಿಂಗಳ ಮಾಲು. ಜೂನ್‌ನಲ್ಲಿ ತಂದದ್ದು ಇಡೀ ಮಳೆಗಾಲ ವಾಶಿಯ ತೇವದಲ್ಲಿ ಕೂರುತ್ತದೆ. ಆಗ 18 ಶೇಕಡಾ ಎಂಬ ಅಂದಾಜೇ ನಿಲ್ಲುವುದಿಲ್ಲ. ದೀಪಾವಳಿಗೆ ಮುಂಚಿನ ಎರಡು ತಿಂಗಳಲ್ಲಿ ಅದೇ ಮಾಲು ಬೇಗ ಖಾಲಿಯಾಗುತ್ತದೆ, ಆಗ ದೊಡ್ಡ ಆರ್ಡರ್ ಸರಿ. ದೀಪಾವಳಿಗೊಂದು, ಚಳಿಗಾಲದ ಮದುವೆಗಳಿಗೊಂದು, ಎರಡು ದೊಡ್ಡ ಲಾಟಿಗೆ ರಿಯಾಯಿತಿ ಕೇಳಿ, ಉಳಿದದ್ದು 500ರಂತೆ ನಡೆಯಲಿ. ದರ ಏರುತ್ತದೆಂದು ನಂಬಿ ಎತ್ತುವುದು ಬೇರೆಯೇ ಜೂಜು, ಅದನ್ನು ಈ ಲೆಕ್ಕದೊಳಗೆ ಎಳೆಯಬೇಡಿ.

ಯಾವಾಗ ಫೋನ್ ಮಾಡಬೇಕು ಎಂಬುದನ್ನೂ ಗೋದಾಮಿನ ಗೋಡೆಯ ಮೇಲೆ ಬರೆದಿಡಿ. ದಿನಕ್ಕೆ 20 ಕಿಲೋ ಹೋಗುತ್ತದೆ, ಮಾಲು ಬರಲು 4 ದಿನ: 80 ಕಿಲೋ. ದಿನದ ಏರಿಳಿತ 8 ಕಿಲೋ ಇದ್ದರೆ, ನೂರಕ್ಕೆ 95 ಸಲ ಖಾಲಿಯಾಗದಿರಲು 1.65 (ನೂರಕ್ಕೆ 95ಕ್ಕೆ ತಕ್ಕ ಗುಣಕ) × 8 × 2 (4 ದಿನದ ವರ್ಗಮೂಲ) ಅಂದರೆ ಇನ್ನೂ 26 ಕಿಲೋ. ದಾಸ್ತಾನು 106ಕ್ಕೆ ಇಳಿದ ದಿನವೇ ಆರ್ಡರ್ ಹೋಗಬೇಕು.

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಫ್ಲೇಂಜ್ ಒಂದಕ್ಕೆ 90 ರೂಪಾಯಿ ಲಾಭ ಸಿಗುತ್ತದೆ, ಬುಷ್ ಒಂದಕ್ಕೆ 60. ಫ್ಲೇಂಜ್ ಮಾತ್ರ ಮಾಡೋಣ ಎನ್ನುತ್ತೇನೆ ನಾನು. ಬುಷ್ ಬೇಗ ಆಗುತ್ತದೆ, ಅದೇ ಲಾಭ ಎನ್ನುತ್ತಾನೆ ಮಗ. ಯಾರ ಮಾತು ಸರಿ?

ಇಬ್ಬರದೂ ಅರ್ಧರ್ಧ ಸರಿ. ಪೀಸಿನ ಲಾಭ ನೋಡಬಾರದು, ಬಿಡುವಿಲ್ಲದೆ ಓಡುವ ಮೆಷಿನ್ನಿನ ನಿಮಿಷಕ್ಕೆ ಎಷ್ಟು ಲಾಭ ಎಂದು ನೋಡಬೇಕು. ನೀವು ಬರೆದಂತೆ ಫ್ಲೇಂಜಿಗೆ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಮೆಷಿನ್) 6 ನಿಮಿಷ, ಗ್ರೈಂಡಿಂಗ್‌ನಲ್ಲಿ 2; ಬುಷ್‌ಗೆ ಸಿಎನ್‌ಸಿಯಲ್ಲಿ 3, ಗ್ರೈಂಡಿಂಗ್‌ನಲ್ಲಿ 4. ತಿಂಗಳಿಗೆ ಸಿಎನ್‌ಸಿ 375 ಗಂಟೆ (22,500 ನಿಮಿಷ), ಗ್ರೈಂಡರ್ 300 ಗಂಟೆ (18,000 ನಿಮಿಷ) ಸಿಗುತ್ತದೆ. ಸಿಎನ್‌ಸಿ ಗಂಟೆಗೆ ಫ್ಲೇಂಜಿನಿಂದ 900, ಬುಷ್‌ನಿಂದ 1,200. ಮಗ ಗೆದ್ದಂತೆ ಕಾಣುತ್ತದೆ. ಆದರೆ ಬರೀ ಬುಷ್ ಮಾಡಿದರೆ 4,500 ಪೀಸಿಗೇ ಗ್ರೈಂಡರ್ ಮುಗಿಯಿತು, ಸಿಎನ್‌ಸಿ ಖಾಲಿ ನಿಂತಿತು: 2,70,000 ರೂಪಾಯಿ. ಬರೀ ಫ್ಲೇಂಜ್ ಮಾಡಿದರೆ 3,750 ಪೀಸು, 3,37,500. ಎರಡೂ ಮೆಷಿನ್ ಪೂರ್ತಿ ಓಡುವ ಬೆರಕೆ 2,000 ಫ್ಲೇಂಜ್, 3,500 ಬುಷ್: 3,90,000.

ಎರಡೇ ಪೀಸು, ಎರಡೇ ಮೆಷಿನ್ ಆದರೆ ಕೈಯಲ್ಲೇ ಬಿಡಿಸಬಹುದು. ಹತ್ತು ಬಗೆಯ ಜಾಬ್ ಇದ್ದರೆ ಎಕ್ಸೆಲ್‌ನ ಸಾಲ್ವರ್ ತೆರೆದು, ಸಿಂಪ್ಲೆಕ್ಸ್ ಎಲ್‌ಪಿ ಆರಿಸಿ. 1947ರಲ್ಲಿ ಜಾರ್ಜ್ ಡ್ಯಾಂಟ್ಜಿಗ್ ರೂಪಿಸಿದ ವಿಧಾನವೇ ಅದು. ಗಿರಾಕಿ ಎಷ್ಟು ಪೀಸಿಗಿಂತ ಹೆಚ್ಚು ಕೊಳ್ಳುವುದಿಲ್ಲ ಎಂಬ ಮಿತಿಯನ್ನೂ ಒಂದು ಸಾಲಾಗಿ ಬರೆಯಿರಿ. ಅದು ಬಿಟ್ಟುಹೋದರೆ ಮಾರಲಾಗದ ಮಾಲು ಮಾಡಿ ಎಂದೂ ಸಾಲ್ವರ್ ಹೇಳೀತು.

ಉತ್ತರಕ್ಕಿಂತ ಬೆಲೆಬಾಳುವುದು ಅದರ ಜೊತೆ ಬರುವ ಸೆನ್ಸಿಟಿವಿಟಿ ರಿಪೋರ್ಟ್. ಅದರಲ್ಲಿ ಶ್ಯಾಡೋ ಪ್ರೈಸ್ ಎಂಬ ಕಾಲಂ ಇರುತ್ತದೆ. ನಿಮ್ಮ ಲೆಕ್ಕದಲ್ಲಿ ಸಿಎನ್‌ಸಿಯ ಒಂದು ನಿಮಿಷ ಹೆಚ್ಚು ಸಿಕ್ಕರೆ 13 ರೂಪಾಯಿ 33 ಪೈಸೆ, ಗ್ರೈಂಡರಿನ ಒಂದು ನಿಮಿಷಕ್ಕೆ 5 ರೂಪಾಯಿ. ಗಂಟೆಗೆ 800 ಮತ್ತು 300. ಸಿಎನ್‌ಸಿ ಆಪರೇಟರ್‌ಗೆ ಓವರ್‌ಟೈಮ್, ಕರೆಂಟು, ಇನ್ಸರ್ಟ್ (ಕತ್ತರಿಸುವ ಮೊನೆ) ಎಲ್ಲ ಸೇರಿ ಗಂಟೆಗೆ 800ಕ್ಕಿಂತ ಕಡಿಮೆಯಾದರೆ ಓಡಿಸಿ. ಗ್ರೈಂಡಿಂಗನ್ನು ಹೊರಗೆ ಜಾಬ್‌ವರ್ಕಿಗೆ ಕೊಡುವಾಗ, ನಿಮಗೆ ಈಗ ಆಗುತ್ತಿರುವ ಖರ್ಚಿನ ಮೇಲೆ ಗಂಟೆಗೆ 300ಕ್ಕಿಂತ ಹೆಚ್ಚು ಬಿದ್ದರೆ ಕೊಡಬೇಡಿ.

ನಿಮಿಷಗಳನ್ನು ಸ್ಟಾಪ್‌ವಾಚ್ ಹಿಡಿದು ಅಳೆಯಿರಿ, ಕೊಟೇಶನ್‌ನಲ್ಲಿ ಬರೆದದ್ದು ಬೇಡ. ಸೆಟಿಂಗ್ ಸಮಯವನ್ನು 375 ಗಂಟೆಯಲ್ಲಿ ಕಳೆಯಿರಿ. ನೂರರಲ್ಲಿ 4 ಪೀಸು ರಿಜೆಕ್ಟ್ ಆಗುತ್ತಿದ್ದರೆ ಒಂದು ಒಳ್ಳೆಯ ಫ್ಲೇಂಜಿಗೆ ತಗಲುವುದು 6 ನಿಮಿಷವಲ್ಲ, 6 ÷ 0.96 ಅಂದರೆ 6.25 ನಿಮಿಷ.

ಪ್ರಶ್ನೆ: ಗೋವಾದ ಕಲಂಗುಟ್ ಹತ್ತಿರ 14 ಕೋಣೆಯ ಲಾಡ್ಜ್ ನಡೆಸುತ್ತೇವೆ. 2024ರ ಮಾರ್ಚಿಗಿಂತ 2025ರ ಮಾರ್ಚಿನಲ್ಲಿ ಕೋಣೆಗಳು ಕಡಿಮೆ ಹೋದವು. ದರ 20 ಶೇಕಡಾ ಇಳಿಸೋಣವೇ ಎಂದು ಯೋಚನೆ.

ಮಾರ್ಚಿಗೆ ಮಾರ್ಚನ್ನು ಹೋಲಿಸಿದ್ದರಲ್ಲೇ ತೊಡಕಿದೆ. 2024ರಲ್ಲಿ ಗುಡ್ ಫ್ರೈಡೇ ಮಾರ್ಚ್ 29ಕ್ಕೆ ಬಂದಿತ್ತು, 2025ರಲ್ಲಿ ಏಪ್ರಿಲ್ 18ಕ್ಕೆ. ಉದ್ದ ರಜೆಯ ಗಿರಾಕಿಗಳು ಒಂದು ತಿಂಗಳಿಂದ ಇನ್ನೊಂದಕ್ಕೆ ಸರಿದಿದ್ದಾರೆ. ಎರಡೂ ವರ್ಷದ ಮಾರ್ಚ್, ಏಪ್ರಿಲ್ ಕೂಡಿಸಿ ಹೋಲಿಸಿ. ತಾರೀಖು ವರ್ಷದಿಂದ ವರ್ಷಕ್ಕೆ ಸರಿಯುವ ಕಾರ್ನಿವಲ್‌ಗೂ ಇದೇ ಮಾತು.

ಆಮೇಲೂ ಇಳಿತ ಕಂಡರೆ, ದರ ಇಳಿಸುವ ಮುನ್ನ ಇದನ್ನು ನೋಡಿ. ಕೋಣೆಗೆ 2,500, ಲಾಂಡ್ರಿ, ಕರೆಂಟು, ಸೋಪಿಗೆ 500, ಉಳಿಯುವುದು 2,000. ದರ 2,000ಕ್ಕೆ ಇಳಿದರೆ ಉಳಿಯುವುದು 1,500. ದರ ಇಳಿದದ್ದು ಐದನೆಯ ಒಂದು ಭಾಗ, ಲಾಭ ಇಳಿದದ್ದು ನಾಲ್ಕನೆಯ ಒಂದು ಭಾಗ. ಅಷ್ಟೇ ದುಡ್ಡು ಬರಲು ಮೂರನೆಯ ಒಂದು ಭಾಗ ಹೆಚ್ಚು ಕೋಣೆ ಹೋಗಬೇಕು: 30 ದಿನದ ತಿಂಗಳ 420 ಕೋಣೆ-ರಾತ್ರಿಗಳಲ್ಲಿ ಈಗ 240 ಹೋಗುತ್ತಿದ್ದರೆ ಇನ್ನು 320 ಹೋಗಬೇಕು. ಶನಿವಾರ ಹೇಗೂ ತುಂಬುವ ಕೋಣೆಗೆ ದರ ಇಳಿಸಿದರೆ ಬರೀ ನಷ್ಟ. ಸೋಮವಾರದಿಂದ ಗುರುವಾರದವರೆಗೆ ಮಾತ್ರ, ಒಂದು ವಾರ ಇಳಿಸಿದ ದರ, ಮರು ವಾರ ಹಳೆಯ ದರ, ಹೀಗೆ ಎಂಟು ವಾರ ನಡೆಸಿ, ಎರಡೂ ಬಗೆಯ ವಾರಗಳ ಉಳಿಕೆಯನ್ನು ಪಕ್ಕಪಕ್ಕ ಬರೆಯಿರಿ. ನಡುವೆ ಸರಕಾರಿ ರಜೆ ಬಿದ್ದ ವಾರವನ್ನು ಹೊರಗಿಡಿ. ಪರೀಕ್ಷೆ ಜೂನ್‌ನ ಮಳೆಗೆ ಮುಂಚೆ ಮುಗಿಯಬೇಕು. ಮಳೆ ಶುರುವಾದ ಮೇಲೆ ಕೋಣೆ ಖಾಲಿಯಾದದ್ದು ದರದಿಂದಲೋ ಹವೆಯಿಂದಲೋ ಬೇರ್ಪಡಿಸಲು ಆಗುವುದಿಲ್ಲ.