ಸಂಪಾದಕರ ಉತ್ತರ: ಬಸ್ಸಿನ ಚಿತ್ರವೂ ಹೆಲ್ಮೆಟ್ಟಿನ ಪ್ರಶ್ನೆಯೂ

ಪೀಣ್ಯದ ಕಡೆಯ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನದ ಮೇಷ್ಟ್ರು ಬರೆದ ಪತ್ರದ ಸಾರ ಇಷ್ಟು: ನಮ್ಮ ಮಕ್ಕಳ ಪುಟದಲ್ಲಿ ಬಂದ ಪ್ರತಿಭಟನೆಯ ಛಾಯಾಚಿತ್ರಗಳನ್ನು ಅವರು ಒಂಬತ್ತನೆಯ ತರಗತಿಯಲ್ಲಿ ತೋರಿಸಿದರು. ಅನ್ಯಾಯದ ಕಾನೂನನ್ನು ಮುರಿದವರ ಕಥೆ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಾಗಾದರೆ ಹೆಲ್ಮೆಟ್ ಹಾಕದಿರುವುದೂ ಪ್ರತಿಭಟನೆಯೇ ಅಲ್ಲವೇ ಸಾರ್?" ಎಂದ. ತರಗತಿ ನಕ್ಕಿತು. ಮರುದಿನ ಪೋಷಕರೊಬ್ಬರು ಬಂದು, ಮಕ್ಕಳಿಗೆ ಕಾನೂನು ಮುರಿಯುವುದನ್ನು ಕಲಿಸುತ್ತಿದ್ದಾರೆ ಎಂದು ಮುಖ್ಯೋಪಾಧ್ಯಾಯರಿಗೆ ದೂರಿದರು. ಯಾವ ಚಿತ್ರ ತೋರಿಸಲಿ, ಹೇಗೆ ತೋರಿಸಲಿ, ಅಥವಾ ಬಿಟ್ಟೇಬಿಡಲೇ ಎಂಬುದು ಅವರ ಪ್ರಶ್ನೆ.

ಮೇಷ್ಟ್ರೇ, ನಮಸ್ಕಾರ. ಬಿಡಬೇಡಿ. ಆದರೆ ನಿಮಗೆ ಸಲಹೆ ಕೊಡುವ ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕಿದೆ. ನೀವು ತೋರಿಸಿದ ಮೊದಲ ಚಿತ್ರ, ಬಸ್ಸಿನ ಕಿಟಕಿಯಾಚೆ ನೋಡುತ್ತ ಕುಳಿತ ಕಪ್ಪುವರ್ಣೀಯ ಮಹಿಳೆ ರೋಸಾ ಪಾರ್ಕ್ಸ್ ಅವರದು. ಹಿಂದಿನ ಸೀಟಿನಲ್ಲಿ ಹ್ಯಾಟು ತೊಟ್ಟ ಬಿಳಿಯ ಗಂಡಸು. "ಸೀಟು ಬಿಟ್ಟುಕೊಡಲು ನಿರಾಕರಿಸಿದ ಕ್ಷಣ" ಎಂದು ಅಡಿಬರಹ ಬರೆದವನು ನಾನೇ. ಅದು ಆ ಕ್ಷಣವಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ ಅವರ ಬಂಧನವಾದದ್ದು 1955ರ ಡಿಸೆಂಬರ್ 1ರ ಸಂಜೆ. ಆಗ ಅಲ್ಲಿ ಕ್ಯಾಮೆರಾ ಇರಲಿಲ್ಲ. ಚಿತ್ರ ತೆಗೆದದ್ದು 1956ರ ಡಿಸೆಂಬರ್ 21ರಂದು. ಅಷ್ಟರಲ್ಲಿ ಅಲ್ಲಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದಾಗಿತ್ತು, ಬಸ್ಸಿನಲ್ಲಿ ಬಣ್ಣಭೇದ ಸಲ್ಲದು ಎಂಬ ಸುಪ್ರೀಂ ಕೋರ್ಟ್ ತೀರ್ಪೂ ಬಂದಾಗಿತ್ತು. ಸಿಡುಕು ಮುಖದ ಪ್ರಯಾಣಿಕ ಎಂದು ನಾವೆಲ್ಲ ಭಾವಿಸುವ ಆ ಗಂಡಸು ಒಬ್ಬ ವರದಿಗಾರ. ಚಿತ್ರಕ್ಕಾಗಿಯೇ ಕೂರಿಸಿ ತೆಗೆದ ಚಿತ್ರ ಅದು.

ಪೊಲೀಸರು ಪಾರ್ಕ್ಸ್ ಅವರ ಬೆರಳಚ್ಚು ತೆಗೆಯುತ್ತಿರುವ ಇನ್ನೊಂದು ಪ್ರಸಿದ್ಧ ಚಿತ್ರವೂ ಆ ಸಂಜೆಯದಲ್ಲ. ಅದು 1956ರ ಫೆಬ್ರುವರಿ 22ರದು. ಆಗ ಅವರ ಮೇಲಿದ್ದ ಆರೋಪ ಬೇರೆ, ಕಾನೂನೂ ಬೇರೆ: ಬಹಿಷ್ಕಾರವನ್ನೇ ಅಪರಾಧ ಮಾಡಿದ್ದ 1921ರ ಅಲಬಾಮಾ ಶಾಸನ. ಒಂದು ಕಾನೂನು ಸೀಟಿನಿಂದ ಎಬ್ಬಿಸುತ್ತದೆ. ಹಾಗಾದರೆ ನಿಮ್ಮ ಬಸ್ಸೇ ಬೇಡ ಎಂದು ನಡೆದು ಹೊರಟರೆ ಇನ್ನೊಂದು ಬಂದು ಕೈ ಹಿಡಿಯುತ್ತದೆ. ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತಾರೀಖು ಹೇಳಿದರೆ ಸಾಕು, ಒಂದು ಪೀರಿಯಡ್ ತಾನಾಗಿ ನಡೆಯುತ್ತದೆ.

ನನಗನ್ನಿಸುವುದು ಇದು: ಚಿತ್ರದಲ್ಲಿ ಜನ ಕಾಣುತ್ತಾರೆ, ಕಾನೂನು ಕಾಣುವುದಿಲ್ಲ. ಕಾನೂನನ್ನು ನೀವೇ ಹಲಗೆಯ ಮೇಲೆ ತರಬೇಕು. ಸೀಮೆಸುಣ್ಣದಲ್ಲಿ ಆ ಬಸ್ಸು ಬರೆಯಿರಿ. ಮುಂದಿನ ಹತ್ತು ಸೀಟು ಬಿಳಿಯರಿಗೆ. ಪಾರ್ಕ್ಸ್ ಕುಳಿತದ್ದು ಅಲ್ಲಲ್ಲ, ಅದರ ಹಿಂದಿನ ಸಾಲಿನಲ್ಲಿ. ಮುಂದಿನ ಸೀಟು ತುಂಬಿ ಒಬ್ಬನೇ ಒಬ್ಬ ಬಿಳಿಯ ನಿಂತಾಗ ಚಾಲಕ ಆ ಸಾಲಿನ ನಾಲ್ವರನ್ನೂ ಏಳಿ ಎಂದ, ಏಕೆಂದರೆ ಒಂದೇ ಸಾಲಿನಲ್ಲಿ ಬಿಳಿಯರೂ ಕಪ್ಪು ಜನರೂ ಕೂರುವಂತಿರಲಿಲ್ಲ. ಮೂವರು ಎದ್ದರು. ಪಾರ್ಕ್ಸ್ ಕಿಟಕಿಯ ಕಡೆಗೆ ಸರಿದು ಕುಳಿತರು. ನಾಲ್ಕು ಮಕ್ಕಳನ್ನು ಬೆಂಚಿನಲ್ಲಿ ಕೂರಿಸಿ ಒಬ್ಬನಿಗಾಗಿ ನಾಲ್ವರನ್ನೂ ಎಬ್ಬಿಸಿ ನೋಡಿ. ಆ ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: ಬಿಎಂಟಿಸಿ ಬಸ್ಸಿನಲ್ಲೂ ಮುಂದಿನ ಸೀಟು ಹೆಂಗಸರಿಗೆ ಮೀಸಲಲ್ಲವೇ, ಅದೂ ಅನ್ಯಾಯವೇ? ಕೇಳಲಿ. ಉತ್ತರವನ್ನು ಮೊದಲು ಹುಡುಗಿಯರಿಂದ ಬರಲು ಬಿಡಿ. ಸಂಜೆ ಆರೂವರೆಯ ಬಸ್ಸಿನಲ್ಲಿ ನಿಂತು ಬಂದವರಿಗೆ, ತಳ್ಳಲು ಎಳೆದ ಗೆರೆಗೂ ಜಾಗ ಮಾಡಿಕೊಡಲು ಎಳೆದ ಗೆರೆಗೂ ಇರುವ ವ್ಯತ್ಯಾಸ ನನಗಿಂತ, ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಹೆಲ್ಮೆಟ್ಟು. ಆ ಹುಡುಗನನ್ನು ದಯವಿಟ್ಟು ಗದರಿಸಬೇಡಿ; ಪತ್ರದಲ್ಲಿರುವ ಅತ್ಯುತ್ತಮ ಪ್ರಶ್ನೆ ಅವನದು. (ಗಾಡಿ ಓಡಿಸುವ ವಯಸ್ಸು ಅವನಿಗಿನ್ನೂ ಆಗಿಲ್ಲ ಎಂಬುದನ್ನು ಮಾತ್ರ ನೆನಪಿಸಿ.) ಗಾಂಧೀಜಿ ದಂಡಿಗೆ ಹೊರಟದ್ದು 1930ರ ಮಾರ್ಚ್ 12ಕ್ಕೆ. ಅದಕ್ಕೂ ಹತ್ತು ದಿನ ಮೊದಲೇ, ಮಾರ್ಚ್ 2ರಂದು, ಉಪ್ಪಿನ ಕಾನೂನು ಮುರಿಯುತ್ತೇನೆ ಎಂದು ವೈಸ್‌ರಾಯ್ ಇರ್ವಿನ್‌ಗೆ ಪತ್ರ ಬರೆದಿದ್ದರು. ನಮ್ಮ ಅಂಕೋಲೆಯಲ್ಲೂ ಏಪ್ರಿಲ್ 13ರಂದು ಉಪ್ಪು ತಯಾರಾದದ್ದು ಹಾಡಹಗಲಲ್ಲಿ, ಜನರ ನಡುವೆ. ಸಿಗ್ನಲ್ಲಿನಲ್ಲಿ ಪೊಲೀಸರನ್ನು ಕಂಡು ಅಡ್ಡರಸ್ತೆಗೆ ಗಾಡಿ ತಿರುಗಿಸುವವನು ಯಾರಿಗೆ ಪತ್ರ ಬರೆದಿದ್ದಾನೆ? ಉಪ್ಪಿನ ತೆರಿಗೆ ಗಂಜಿ ಕುಡಿಯುವವನ ತಟ್ಟೆಗೂ ಬಿದ್ದಿತ್ತು. ಅದನ್ನು ಹೇರಿದವರನ್ನು ಅವನು ಆರಿಸಿರಲಿಲ್ಲ. ಹೆಲ್ಮೆಟ್ ನಿಯಮ ಯಾರನ್ನೂ ಯಾರಿಗಿಂತಲೂ ಕೆಳಗೆ ಕೂರಿಸುವುದಿಲ್ಲ. ಇಷ್ಟಾದ ಮೇಲೂ ಅವನು ಒಪ್ಪದಿದ್ದರೆ, ಶಾಸಕರಿಗೊಂದು ಪತ್ರ ಬರೆಯಲು ಹೇಳಿ. ಅದೂ ಪಾಠವೇ.

ಪೋಷಕರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗನ ಮೇಲೊಂದು ಕೇಸು ಬಿದ್ದರೆ ನಾಳೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ತೊಡಕಾದೀತು ಎಂದು ಹೆದರುವವರು ಅವರು. ಅವರನ್ನೂ ತರಗತಿಗೆ ಕರೆಯಿರಿ. ನಿಮ್ಮ ಶಾಲೆಯ ಎಷ್ಟೋ ಮಕ್ಕಳ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು ಎಂದು ಬರೆದಿದ್ದೀರಿ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಿಳಿದವರು ಅಂಥ ಹೆಂಗಸರೇ. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಹೊರಗೆಳೆದಿತ್ತು. ಮಗಳ ಮದುವೆಗೆ, ಸಾಲಕ್ಕೆ ಆಗುತ್ತದೆಂದು ನಂಬಿಕೊಂಡಿದ್ದ ಗಂಟು ಅದು. 19ರಂದೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಆ ಎರಡು ದಿನಗಳ ಚಿತ್ರ ಹುಡುಕಿದರೆ ಹೊತ್ತಿ ಉರಿಯುವ ಬಸ್ಸೂ ಸಿಗುತ್ತದೆ, ಲಾಠಿಯೂ ಸಿಗುತ್ತದೆ, ಬ್ಯಾಗು ತಗುಲಿಸಿಕೊಂಡು ಹೆದ್ದಾರಿಯಲ್ಲಿ ಕುಳಿತ ಹೆಂಗಸರೂ ಸಿಗುತ್ತಾರೆ. ಉರಿಯುವ ಬಸ್ಸಿನ ಚಿತ್ರವನ್ನು ಬಚ್ಚಿಡಬೇಡಿ. ಯಾವುದನ್ನು ಪತ್ರಿಕೆಯ ಮುಖಪುಟಕ್ಕೆ ಹಾಕುತ್ತೀರಿ ಎಂದು ಮಕ್ಕಳನ್ನೇ ಕೇಳಿ. ನಮ್ಮ ಕಚೇರಿಯಲ್ಲಿ ಈ ಜಗಳ ಆಗಾಗ ನಡೆಯುತ್ತದೆ. ಗೆಲ್ಲುವುದು ಹೆಚ್ಚಾಗಿ ಬೆಂಕಿಯೇ ಎಂದು ನಾಚಿಕೆಯಿಂದಲೇ ಹೇಳುತ್ತೇನೆ.

ದಕ್ಷಿಣ ಆಫ್ರಿಕಾದ ಸೊವೆಟೊದ ಚಿತ್ರದ ಬಗ್ಗೆಯೂ ಕೇಳಿದ್ದೀರಿ. 1976ರ ಜೂನ್ 16ರಂದು ಗುಂಡೇಟು ತಿಂದ ಹೆಕ್ಟರ್ ಪೀಟರ್ಸನ್ ಎಂಬ ಬಾಲಕನನ್ನು ಎತ್ತಿಕೊಂಡು ಓಡುವ ಆ ಚಿತ್ರವನ್ನು ಒಂಬತ್ತನೆಯವರಿಗೆ ಏಕಾಏಕಿ ತೋರಿಸಬೇಡಿ. ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಹೇರಿದ್ದರ ವಿರುದ್ಧ ಮಕ್ಕಳು ಬೀದಿಗೆ ಬಂದರು ಎಂಬ ಕಥೆ ಮೊದಲು ಹೇಳಿ. ಗೋಕಾಕ್ ಚಳವಳಿಯ ಊರಿನಲ್ಲಿ ಅದಕ್ಕೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಸಾಧ್ಯವಾದರೆ ಒಂದು ಶನಿವಾರ ಮಕ್ಕಳನ್ನು ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗಿ. ಹಳೆಯ ಸೆಂಟ್ರಲ್ ಜೈಲು ಅದು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೂ ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಅಲ್ಲಿಟ್ಟಿದ್ದರು. 2021ರ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಜಾಗವೂ ಅದೇ. ಒಬ್ಬೊಬ್ಬರೂ ಒಂದೇ ಚಿತ್ರ ತೆಗೆಯಲಿ, ಯಾರ ಮುಖವನ್ನೂ ಕೇಳದೆ ತೆಗೆಯದಿರಲಿ.

ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಬಸ್ಸಿನ ಚಿತ್ರದ ತಿದ್ದುಪಡಿ ಬರುತ್ತದೆ. ನಿಮಗೆ ಈ ವಾರವೇ ಆರು ಚಿತ್ರಗಳ ದೊಡ್ಡ ಪ್ರತಿ ಕಳುಹಿಸುತ್ತಿದ್ದೇವೆ, ಅಡಿಬರಹವಿಲ್ಲದೆ. ಅಡಿಬರಹಗಳು ಬೇರೆ ಲಕೋಟೆಯಲ್ಲಿವೆ. ಅದನ್ನು ಎರಡನೆಯ ಪೀರಿಯಡ್‌ನಲ್ಲಿ ಒಡೆಯಿರಿ; ಹಿಂದಿನ ಬೆಂಚಿನವನ ಕೈಯಿಂದಲೇ ಒಡೆಸಿ.