ಪರ್ಷಿಯನ್ ಬೆಕ್ಕು ಎಷ್ಟ್ ವರ್ಷ ಬದುಕತೈತಿ, ಹುಬ್ಬಳ್ಳಿ ಬ್ಯಾಸಗಿ ತಡಕೋತೈತೇನ್ರಿ?

ಮನ್ಯಾಗ ಛಲೋ ನೋಡ್ಕೊಂಡ್ರ 12ರಿಂದ 15 ವರ್ಷ ಬದುಕತೈತ್ರಿ, ಬ್ಯಾಸಗಿನೂ ತಡಕೋತೈತಿ ಆದ್ರ ನೀವು ಕಾಳಜಿ ಮಾಡಬೇಕು. ಬೆಳವಣಿಗಿ ನಿಧಾನ, ಪೂರ್ತಿ ಮೈ ತುಂಬಾಕ ಹತ್ತಿರ ಹತ್ತಿರ 2 ವರ್ಷ ಹಿಡಿತೈತಿ.

ಸೆಕಿ ಯಾಕ ಕಷ್ಟ ಅಂದ್ರ ಅದರ ಚಪ್ಪಟಿ ಮಾರಿ. ಬೆಕ್ಕು ನಮ್ಹಂಗ ಮೈತುಂಬ ಬೆವರಂಗಿಲ್ಲ, ಮೈ ನೆಕ್ಕೊಂಡು, ತೀರಾ ಕಾದಾಗ ತೇಕಿ ತಂಪ್ ಮಾಡ್ಕೋತೈತಿ, ಆದ್ರ ಇದರ ಮೂಗಿನ ಹೊಳ್ಳಿ ಸಣ್ಣು, ಉಸಿರಿನ ದಾರಿ ಇಕ್ಕಟ್ಟು, ಮ್ಯಾಲ ದಪ್ಪ ಕೂದಲು ಬ್ಯಾರೆ, ಹಿಂಗಾಗಿ ಏಪ್ರಿಲ್-ಮೇದಾಗ ಮಧ್ಯಾಹ್ನ ಪತ್ರಾಸ ಮನ್ಯಾಗ ಕೂಡಿ ಹಾಕಿ ಹೋಗಬ್ಯಾಡ್ರಿ, ತಣ್ಣನ ಫರಸಿ ನೆಲ, ಫ್ಯಾನು, ಕುಡಿಯಾಕ ನೀರು ಇರ್ಲಿ. ಬಾಯಿ ತಗದು ತೇಕಾಕತ್ತಿದ್ರ ತಡಾ ಮಾಡದ ಡಾಕ್ಟರ್ ಕಡೆ ಓಡ್ರಿ.

ಕೂದಲು ದಿನಾ ಬಾಚ್ರಿ, ಇಲ್ಲಂದ್ರ ಗಂಟಾಕ್ಕೈತಿ, ಕಣ್ಣೀರೂ ಒರಸ್ರಿ. ಇನ್ನ ಮರಿ ತಗೊಳ್ಳೂಮುಂದ ಅದರ ತಾಯಿ-ತಂದಿಗೆ ಪಿಕೆಡಿ ಅಂದ್ರ ಕಿಡ್ನ್ಯಾಗ ನೀರಗುಳ್ಳಿ ಬೆಳಿಯೋ ವಂಶಪಾರಂಪರ್ಯ ರೋಗದ ಜೀನ್ ಟೆಸ್ಟ್ ಆಗೈತೇನು ಕೇಳ್ರಿ, ಬಣ್ಣ ನೋಡೂದಕ್ಕಿಂತ ಇದು ಭಾಳ ಮುಖ್ಯ.